ಪುಸ್ತಕದಂಗಡಿ ಸುತ್ತಲೆಂದೇ ಒಬ್ಬರೇ ಹೊರಡುವವರಿಗೆ

ಒಂದು ನಗರಕ್ಕೆ ಹೋಗುವುದು, ಅಲ್ಲಿನ ಪುಸ್ತಕದಂಗಡಿಗಳಲ್ಲಿ ಹೊತ್ತು ಕಳೆಯುವುದು, ರಾತ್ರಿ ಕೋಣೆಗೆ ಬಂದು ಓದುವುದು, ಎರಡು ಮೂರು ದಿನ ಕಳೆದು ವಾಪಸ್ ಬರುವುದು. ಪ್ರವಾಸ ಇಷ್ಟೇ. ಪುಸ್ತಕ ಮನೆ ಬಾಗಿಲಿಗೇ ಬರುವಾಗ ಅಷ್ಟು ದೂರ ಯಾಕೆ ಹೋಗಬೇಕು ಅಂತ ಯಾರಾದರೂ ಕೇಳಬಹುದು. ಕಾರಣ ಇದೆ. ಆನ್‌ಲೈನ್‌ನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ನಾವು ಹುಡುಕಿದ್ದು, ಇಲ್ಲವೇ ಅದರಂಥದ್ದೇ ಇನ್ನೊಂದು. ಹುಡುಕಬೇಕು ಅಂತಲೇ ಗೊತ್ತಿರದ ಪುಸ್ತಕ ಕೈಗೆ ಬರುವುದು ಕಪಾಟಿನ ಮುಂದೆ. ಅದೂ ಸಾಕಷ್ಟು ಹೊತ್ತು ನಿಂತಾಗ.

ಒಬ್ಬರೇ ಹೋಗಿ ಅನ್ನುವುದೂ ಇದಕ್ಕೇ. ಜೊತೆಗೆ ಬಂದವರು ಎಷ್ಟೇ ಒಳ್ಳೆಯವರಾಗಿರಲಿ, ಅರ್ಧ ಗಂಟೆ ಕಳೆದ ಮೇಲೆ "ಆಯ್ತಾ?" ಅಂತ ಕೇಳುತ್ತಾರೆ. ಕೇಳದೇ ಇದ್ದರೂ ಅವರನ್ನು ಕಾಯಿಸುತ್ತಿದ್ದೇವಲ್ಲ ಅನ್ನುವ ಚಡಪಡಿಕೆ ನಮಗೇ ಶುರುವಾಗುತ್ತದೆ. ಆಮೇಲೆ ಕಣ್ಣು ಪುಸ್ತಕದ ಮೇಲೆ, ಮನಸ್ಸು ಬಾಗಿಲ ಕಡೆ. ಒಬ್ಬರೇ ಇದ್ದಾಗ ಮೂರು ಪುಟ ಓದಿ ಬಿಡಬಹುದು, ಮೂವತ್ತು ಪುಟ ಓದಿ ಕೊಳ್ಳಬಹುದು. ಯಾರಿಗೂ ಕಾರಣ ಹೇಳಬೇಕಿಲ್ಲ.

ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಅಂಗಡಿಗಳ ಸಂಖ್ಯೆ ಕಡಿಮೆ ಮಾಡಿ, ಪ್ರತಿ ಅಂಗಡಿಗೆ ಕೊಡುವ ಹೊತ್ತು ಜಾಸ್ತಿ ಮಾಡಿ. ಉಳಿದ ಸಲಹೆಗಳೆಲ್ಲ ಅದಕ್ಕೆ ದಾರಿ ಮಾಡಿಕೊಡುವಂಥವು.

ನಗರ ಆರಿಸುವುದು

ದೊಡ್ಡ ನಗರವೇ ಬೇಕು ಅಂತೇನಿಲ್ಲ. ಅಂಗಡಿಗಳು ಒಂದಕ್ಕೊಂದು ಹತ್ತಿರ ಇರಬೇಕು, ಅಷ್ಟೇ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆದೇ ಹೋಗುವಂತಿದ್ದರೆ ಪ್ರವಾಸದ ಅರ್ಧ ದಣಿವು ತಪ್ಪಿತು. ಇಪ್ಪತ್ತು ಅಂಗಡಿಗಳು ಊರಿನ ನಾಲ್ಕು ದಿಕ್ಕಿಗೆ ಚದುರಿರುವ ನಗರಕ್ಕಿಂತ ಐದೇ ಅಂಗಡಿಗಳು ಒಂದೇ ಬೀದಿಯಲ್ಲಿರುವ ನಗರ ಈ ಕೆಲಸಕ್ಕೆ ವಾಸಿ.

ಇಂಥ ಬೀದಿಗಳು ಎಲ್ಲಿ ಬೆಳೆಯುತ್ತವೆ ಅಂತ ಗೊತ್ತಿದ್ದರೆ ಹೊಸ ಊರಿನಲ್ಲೂ ಹುಡುಕುವುದು ಸುಲಭ. ಹೆಚ್ಚಿನ ಕಡೆ ಅವು ಹಳೆಯ ಕಾಲೇಜುಗಳ ಸುತ್ತ ಹುಟ್ಟಿದಂಥವು. ಕೋಲ್ಕತ್ತಾದ ಕಾಲೇಜ್ ಸ್ಟ್ರೀಟ್ ಇರುವುದು ಪ್ರೆಸಿಡೆನ್ಸಿ ಮತ್ತು ಕಲ್ಕತ್ತಾ ವಿಶ್ವವಿದ್ಯಾಲಯಗಳ ಪಕ್ಕದಲ್ಲೇ. ಟೋಕಿಯೋದ ಜಿಂಬೋಚೋ ಬಡಾವಣೆಯಲ್ಲಿ ಹಳೇ ಪುಸ್ತಕದ ಅಂಗಡಿಗಳು ನೂರಕ್ಕೂ ಹೆಚ್ಚಿವೆ. ಅಲ್ಲೂ 19ನೇ ಶತಮಾನದ ಕೊನೆಗೆ ಕಾನೂನು ಶಾಲೆಗಳು ಬಂದವು, ಅವುಗಳ ಹಿಂದೆಯೇ ಅಂಗಡಿಗಳು ಬಂದವು. ಓದು ಮುಗಿಸಿದವರು ಮಾರಿದ ಪುಸ್ತಕವನ್ನು ಹೊಸದಾಗಿ ಸೇರಿದವರು ಕೊಳ್ಳುತ್ತಾರೆ. ಅಂಗಡಿಯವರಿಗೆ ಕೊಳ್ಳುವುದಕ್ಕೂ ಮಾರುವುದಕ್ಕೂ ಗಿರಾಕಿಗಳು ಅಲ್ಲೇ ಸಿಗುತ್ತಾರೆ. ಹಾಗಾಗಿ ಯಾವ ನಗರವೇ ಇರಲಿ, ನಕ್ಷೆಯಲ್ಲಿ ಮೊದಲು ಹಳೆಯ ವಿಶ್ವವಿದ್ಯಾಲಯ ಎಲ್ಲಿದೆ ಅಂತ ನೋಡಿ, ಆಮೇಲೆ ಅದರ ಸುತ್ತಮುತ್ತ ಹುಡುಕಿ.

ಭಾಷೆಯ ಬಗ್ಗೆಯೂ ಒಂದು ಮಾತು. ಆ ಊರಿನ ಭಾಷೆ ಓದಲು ಬರದಿದ್ದರೆ ಪ್ರವಾಸ ಕೆಡುವುದಿಲ್ಲ, ಆದರೆ ಅಂಗಡಿಗಳ ಆಯ್ಕೆ ಬದಲಾಗುತ್ತದೆ. ನೀವು ಓದುವ ಭಾಷೆಯ ಕಪಾಟು ಯಾವ ಅಂಗಡಿಯಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ. ಚಿತ್ರಪುಸ್ತಕ, ಹಳೆಯ ನಕ್ಷೆ, ಛಾಯಾಚಿತ್ರದ ಪುಸ್ತಕ ಮಾರುವ ಅಂಗಡಿಗಳಲ್ಲಿ ಭಾಷೆ ಅಷ್ಟು ಅಡ್ಡ ಬರುವುದಿಲ್ಲ.

ದಿನ ಗೊತ್ತು ಮಾಡುವುದು

ಟಿಕೆಟ್ ತೆಗೆಯುವ ಮೊದಲು ಅಂಗಡಿಗಳ ರಜಾ ದಿನ ನೋಡಿ. ಇದನ್ನು ಬಿಟ್ಟರೆ ಇಡೀ ಪ್ರವಾಸವೇ ಮುಚ್ಚಿದ ಬಾಗಿಲುಗಳ ಮುಂದೆ ಕಳೆಯಬಹುದು. ಜಿಂಬೋಚೋದಲ್ಲಿ ಬಹಳಷ್ಟು ಹಳೇ ಪುಸ್ತಕದಂಗಡಿಗಳು ಭಾನುವಾರ ಮುಚ್ಚಿರುತ್ತವೆ. ದೆಹಲಿಯ ದರಿಯಾಗಂಜ್ ಪುಸ್ತಕ ಸಂತೆಗೆ ಭಾನುವಾರವೇ ದಿನ. ಆ ಸಂತೆ 2019ರಲ್ಲಿ ಫುಟ್‌ಪಾತ್ ಬಿಟ್ಟು ಮಹಿಳಾ ಹಾಟ್ ಆವರಣಕ್ಕೆ ಹೋಯಿತು. ಹಳೆಯ ಪ್ರವಾಸ ಪುಸ್ತಕ ನೋಡಿಕೊಂಡು ಹೋದವರಿಗೆ ಬರೀ ರಸ್ತೆ ಕಾಣುತ್ತದೆ. ಪ್ಯಾರಿಸ್‌ನಲ್ಲಿ ಸೇನ್ ನದಿಯ ದಂಡೆಗುಂಟ ಹಸಿರು ಪೆಟ್ಟಿಗೆಗಳಲ್ಲಿ ಪುಸ್ತಕ ಮಾರುತ್ತಾರಲ್ಲ, ಮಳೆ ಜೋರಾದರೆ ಆ ಪೆಟ್ಟಿಗೆಗಳ ಮುಚ್ಚಳ ಹಾಕಿರುತ್ತದೆ.

ಮಾಲೀಕರು ಒಬ್ಬರೇ ನಡೆಸುವ ಅಂಗಡಿಯಾದರೆ ಹಿಂದಿನ ದಿನ ಫೋನ್ ಮಾಡಿ ಕೇಳುವುದೇ ಸರಿ. ಇಂಟರ್ನೆಟ್ ನಕ್ಷೆಯಲ್ಲಿ ತೆರೆದಿದೆ ಅಂತ ಬರೆದಿದ್ದರೂ ಅವರು ಆ ದಿನ ಯಾರದೋ ಮನೆಯ ಪುಸ್ತಕ ಸಂಗ್ರಹ ನೋಡಲು ಹೋಗಿರಬಹುದು. ಹಳೇ ಪುಸ್ತಕದ ವ್ಯಾಪಾರದಲ್ಲಿ ಇದು ಮಾಮೂಲಿ.

ಶಾಂತವಾಗಿರಬೇಕು ಅಂದರೆ ವಾರದ ನಡುವಿನ ದಿನಗಳು ಒಳ್ಳೆಯವು. ಮಂಗಳವಾರದಿಂದ ಗುರುವಾರ ಅಂದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಗಂಟೆಯಂತೂ ಬಹಳ ಚೆನ್ನಾಗಿರುತ್ತದೆ. ಪುಸ್ತಕ ಮೇಳದ ದಿನಗಳಿಂದ ದೂರವಿರಿ. ಏಪ್ರಿಲ್ 23ರಂದು ಬಾರ್ಸಿಲೋನಾದಲ್ಲಿ ಸಂತ ಜೋರ್ಡಿ ಹಬ್ಬ. ಬೀದಿ ಬೀದಿಯಲ್ಲೂ ಪುಸ್ತಕದ ಮಳಿಗೆ, ಗುಲಾಬಿ ಹೂ, ಜನವೋ ಜನ. ನೋಡಲೇಬೇಕಾದ ಹಬ್ಬ ಅದು, ಆದರೆ ಈ ಬಗೆಯ ಪ್ರವಾಸಕ್ಕೆ ತಕ್ಕ ದಿನವಲ್ಲ.

ಎಷ್ಟು ದಿನ ಬೇಕು? ಎರಡು ರಾತ್ರಿ ಸಾಕು, ಮೂರಾದರೆ ಇನ್ನೂ ಒಳ್ಳೆಯದು. ಒಂದೇ ದಿನದಲ್ಲಿ ಹೋಗಿ ಬರುವುದು ಬೇಡ. ಸಂಜೆಯ ಬಸ್ಸೋ ರೈಲೋ ತಪ್ಪೀತು ಅನ್ನುವ ಯೋಚನೆ ಮಧ್ಯಾಹ್ನವೇ ತಲೆ ಹೊಕ್ಕುತ್ತದೆ.

ಅಂಗಡಿಗಳ ಪಟ್ಟಿ ಮಾಡುವುದು, ಆಮೇಲೆ ಕತ್ತರಿಸುವುದು

ಮೊದಲು ಸಿಕ್ಕಿದ್ದೆಲ್ಲ ಬರೆದುಕೊಳ್ಳಿ. ಹೊಸ ಪುಸ್ತಕದಂಗಡಿ, ಹಳೇ ಪುಸ್ತಕದಂಗಡಿ, ಒಂದೇ ವಿಷಯದ ಪುಸ್ತಕ ಇಡುವ ಅಂಗಡಿ, ಎಲ್ಲವೂ ಇರಲಿ. ಪಟ್ಟಿ ಉದ್ದವಾದಷ್ಟೂ ಖುಷಿಯಾಗುತ್ತದೆ. ಆಮೇಲೆ ದಿನಕ್ಕೆ ಎರಡರಂತೆ ಉಳಿಸಿಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿ. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ಕಷ್ಟ ಅನ್ನಿಸುತ್ತದೆ, ನಿಜ. ಆದರೆ ಆರು ಅಂಗಡಿ ನೋಡಿದ ದಿನ ನೆನಪಿನಲ್ಲಿ ಉಳಿಯುವುದು ಬಾಗಿಲುಗಳು ಮಾತ್ರ. ಎರಡು ನೋಡಿದ ದಿನ ಯಾವ ಕಪಾಟಿನ ಯಾವ ಮೂಲೆಯಲ್ಲಿ ಏನಿತ್ತು ಅಂತಲೂ ಹೇಳಬಹುದು.

ಯಾವುದನ್ನು ಉಳಿಸಿಕೊಳ್ಳಬೇಕು? ನನ್ನ ಒಲವು ಹಳೇ ಪುಸ್ತಕದಂಗಡಿಗಳ ಕಡೆ. ಹೊಸ ಪುಸ್ತಕ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅದೇ ಇರುತ್ತದೆ. ಹಳೇ ಪುಸ್ತಕದಂಗಡಿಗೆ ಬರುವುದು ಆ ಊರಿನ ಮನೆಗಳಲ್ಲಿದ್ದ ಪುಸ್ತಕ. ಬಂದರಿನ ಊರಾದರೆ ಹಡಗಿನ ಪುಸ್ತಕ, ಗಣಿಯ ಊರಾದರೆ ಭೂವಿಜ್ಞಾನದ್ದು. ಊರು ಏನು ಓದಿಕೊಂಡು ಬಂದಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಹಾಗಂತ ಹೊಸ ಪುಸ್ತಕದ ಒಂದಾದರೂ ಅಂಗಡಿ ಇರಲಿ, ಅದು ಸಣ್ಣದಾಗಿರಲಿ. ಜಾಗ ಕಡಿಮೆ ಇರುವ ಅಂಗಡಿಯವರು ಪ್ರತಿಯೊಂದು ಪುಸ್ತಕವನ್ನೂ ಯೋಚಿಸಿ ತರಿಸಬೇಕಾಗುತ್ತದೆ. ಆ ಯೋಚನೆಯನ್ನು ನೋಡಲಿಕ್ಕೇ ನಾವು ಹೋಗುವುದು.

ಕಟ್ಟಡಕ್ಕೇ ಹೆಸರಾದ ಅಂಗಡಿಗಳೂ ಇವೆ. ಬ್ಯೂನಸ್ ಐರಿಸ್‌ನ ಎಲ್ ಅಟೆನಿಯೊ ಗ್ರ್ಯಾಂಡ್ ಸ್ಪ್ಲೆಂಡಿಡ್ 1919ರಲ್ಲಿ ನಾಟಕಶಾಲೆಯಾಗಿ ಶುರುವಾಗಿ 2000ದಲ್ಲಿ ಪುಸ್ತಕದಂಗಡಿಯಾಯಿತು. ರಂಗದ ಮೇಲೆ ಈಗ ಕೆಫೆ ಇದೆ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಚರ್ಚಿನೊಳಗೆ ಪುಸ್ತಕದ ಕಪಾಟುಗಳು ನಿಂತಿವೆ. ಪೋರ್ತುಗಲ್‌ನ ಪೋರ್ತೊದಲ್ಲಿರುವ ಲೆಲ್ಲೊ ಅಂಗಡಿ 1906ರ ಕಟ್ಟಡ. ಅಲ್ಲಿ ಒಳಗೆ ಹೋಗಲು ಟಿಕೆಟ್ ತೆಗೆಯಬೇಕು, ಪುಸ್ತಕ ಕೊಂಡರೆ ಆ ಹಣವನ್ನು ಬೆಲೆಯಲ್ಲಿ ಕಳೆಯುತ್ತಾರೆ. ಇಂಥಲ್ಲಿಗೆ ಹೋಗಿ, ಕಣ್ತುಂಬ ನೋಡಿ. ಆದರೆ ದಿನದ ಎರಡು ಅಂಗಡಿಗಳ ಲೆಕ್ಕಕ್ಕೆ ಸೇರಿಸಬೇಡಿ. ಫೋಟೋ ತೆಗೆಯುವವರ ನಡುವೆ ನಿಂತು ಪುಸ್ತಕ ಓದುವುದು ಆಗದ ಮಾತು.

ಪಟ್ಟಿಯಲ್ಲಿ ಇನ್ನೊಂದು ಜಾಗ ಖಾಲಿ ಬಿಡಿ. ಕೊನೆಯ ದಿನದ ಬೆಳಿಗ್ಗೆ ಯಾವ ಹೊಸ ಅಂಗಡಿಯೂ ಬೇಡ. ಹಿಂದಿನ ದಿನಗಳಲ್ಲಿ ನೋಡಿದ್ದರಲ್ಲಿ ನಿಮಗೆ ಹಿಡಿಸಿದ ಅಂಗಡಿಗೆ ಮತ್ತೆ ಹೋಗಿ. ಎರಡನೇ ಸಲ ಹೋದಾಗ ಕಣ್ಣು ಬೇರೆ ಥರ ಕೆಲಸ ಮಾಡುತ್ತದೆ. ಮೊದಲ ಸಲ ದಾಟಿಹೋದ ಕೆಳಗಿನ ಸಾಲು, ಬಾಗಿಲ ಹಿಂದಿನ ಕಪಾಟು, ಇನ್ನೂ ಜೋಡಿಸದ ಗಂಟುಗಳು ಆಗ ಕಾಣುತ್ತವೆ.

ಉಳಿಯುವ ಜಾಗ ಮತ್ತು ಚೀಲ

ಕೋಣೆ ಅಂಗಡಿಗಳ ಹತ್ತಿರ ಇರಲಿ, ಮಧ್ಯಾಹ್ನ ಬಂದು ಪುಸ್ತಕ ಇಟ್ಟು ಹೋಗುವಷ್ಟು ಹತ್ತಿರ. ಬುಕ್ ಮಾಡುವಾಗ ಒಂದು ವಿಷಯ ಕೇಳಿ: ಹಾಸಿಗೆ ಪಕ್ಕ ಓದುವುದಕ್ಕೆ ದೀಪ ಇದೆಯಾ? ಇದು ಈ ಪ್ರವಾಸದಲ್ಲಿ ಟೀವಿಗಿಂತ ಮುಖ್ಯ.

ಹೋಗುವಾಗ ಚೀಲ ಅರ್ಧ ಖಾಲಿ ಇರಬೇಕು. ಓದುವುದಕ್ಕೆ ಮನೆಯಿಂದ ಪುಸ್ತಕ ಒಯ್ಯಬೇಡಿ, ಅಲ್ಲಿ ಸಿಕ್ಕಿದ್ದನ್ನೇ ಆ ರಾತ್ರಿ ಓದಿ. ಗಟ್ಟಿ ಬಟ್ಟೆಯ ಕೈಚೀಲ ಒಂದು, ಸಣ್ಣ ನೋಟ್‌ಬುಕ್, ಪೆನ್ಸಿಲ್, ಮಳೆಗೆ ಪುಸ್ತಕ ಸುತ್ತಲು ಎರಡು ಪ್ಲಾಸ್ಟಿಕ್ ಕವರ್. ಹಳೆಯ ಅಂಗಡಿಗಳ ಕೆಳಸಾಲಿಗೆ ಬೆಳಕು ಬೀಳುವುದಿಲ್ಲ, ಹಾಗಾಗಿ ಒಂದು ಸಣ್ಣ ಟಾರ್ಚ್. ಧೂಳಿಗೆ ಸೀನು ಬರುವವರು ಮಾಸ್ಕ್ ಇಟ್ಟುಕೊಳ್ಳಿ.

ನೋಟ್‌ಬುಕ್‌ನಲ್ಲಿ ಹೊರಡುವ ಮೊದಲೇ ಐದಾರು ಪುಸ್ತಕಗಳ ಹೆಸರು ಬರೆದಿರಲಿ. ಬಹಳ ದಿನದಿಂದ ಸಿಗದೇ ಇರುವಂಥವು. ಲೇಖಕರು, ಪ್ರಕಾಶಕರು, ವರ್ಷ, ಗೊತ್ತಿದ್ದರೆ ಯಾವ ಮುದ್ರಣ. ಜೊತೆಗೆ ಒಂದು ವಿಷಯ ಇಟ್ಟುಕೊಳ್ಳಿ: ರೈಲು, ನದಿ, ಜೇನು, ಹಳೆಯ ಪ್ರವಾಸ ಕಥನ, ಏನಾದರೂ. ಪ್ರತಿ ಅಂಗಡಿಯಲ್ಲೂ ಆ ವಿಷಯದ ಬಗ್ಗೆ ಏನಿದೆ ಅಂತ ನೋಡುವುದು. ದೊಡ್ಡ ಅಂಗಡಿಯ ಮುಂದೆ ನಿಂತಾಗ ಎಲ್ಲಿಂದ ಶುರು ಮಾಡುವುದು ಅಂತ ತೋಚದೇ ಹೋಗುತ್ತದಲ್ಲ, ಆಗ ಈ ಒಂದು ವಿಷಯ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ವಿಷಯ ಮರೆತು ಬೇರೆಲ್ಲೋ ಹೋಗಿರುತ್ತೀರಿ. ಹೋಗಲಿ, ಒಳ್ಳೆಯದೇ ಆಯಿತು.

ಅಂಗಡಿಯ ಒಳಗೆ

ಒಳಗೆ ಹೋದ ಕೂಡಲೇ ಚೀಲ ಎಲ್ಲಿಡಲಿ ಅಂತ ಕೇಳಿ. ಕೆಲವರು ಗಲ್ಲಾದ ಹತ್ತಿರ ಇಟ್ಟುಕೊಳ್ಳುತ್ತಾರೆ. ಬೆನ್ನಿಗೆ ಹಾಕುವ ಚೀಲವಂತೂ ಇಕ್ಕಟ್ಟಿನ ಸಾಲುಗಳಲ್ಲಿ ತಿರುಗುವಾಗ ಪುಸ್ತಕ ಕೆಡವುತ್ತದೆ. ಫೋನನ್ನು ಸದ್ದಿಲ್ಲದ ಹಾಗೆ ಮಾಡಿ ಜೇಬಿಗೆ ಹಾಕಿ.

ಆಮೇಲೆ ಯಾವ ಪುಸ್ತಕವನ್ನೂ ಮುಟ್ಟದೆ ಒಂದು ಸುತ್ತು ಹಾಕಿ. ಎಲ್ಲಿ ಏನಿದೆ, ಹೇಗೆ ಜೋಡಿಸಿದ್ದಾರೆ ಅಂತ ನೋಡಿ. ಗ್ರಂಥಾಲಯಗಳ ಹಾಗೆ ಅಂಗಡಿಗಳಿಗೆ ಒಂದೇ ಪದ್ಧತಿ ಇರುವುದಿಲ್ಲ. ಕಥೆ ಕಾದಂಬರಿಗಳನ್ನು ಲೇಖಕರ ಹೆಸರಿನ ಅಕ್ಷರದಂತೆ ಇಡುವುದು ಸಾಮಾನ್ಯ. ಆದರೆ ಜಪಾನಿನ ಅಂಗಡಿಗಳಲ್ಲಿ ಜೇಬಿನ ಗಾತ್ರದ ಪುಸ್ತಕಗಳನ್ನು ಪ್ರಕಾಶಕರ ಪ್ರಕಾರ ಇಡುತ್ತಾರೆ. ಒಬ್ಬರೇ ಲೇಖಕರ ಪುಸ್ತಕ ನಾಲ್ಕೈದು ಕಡೆ ಹರಡಿರುತ್ತದೆ. ಹಳೇ ಪುಸ್ತಕದಂಗಡಿಗಳಲ್ಲಿ ಇನ್ನೂ ಬೇರೆ ಬೇರೆ: ಕೆಲವು ಕಡೆ ಪುಸ್ತಕದ ಅಳತೆಯಂತೆ, ಕೆಲವು ಕಡೆ ಅಂಗಡಿಗೆ ಬಂದ ಕ್ರಮದಂತೆ.

ಹೊಸ ಪುಸ್ತಕದ ದೊಡ್ಡ ಅಂಗಡಿಗಳಲ್ಲಿ ಬಾಗಿಲ ಎದುರಿನ ಮೇಜಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡಿ. ಅಮೆರಿಕ, ಬ್ರಿಟನ್ನಿನಂಥ ಕಡೆ ಆ ಜಾಗಕ್ಕೆ ಪ್ರಕಾಶಕರೇ ಹಣ ಕೊಡುವ ರೂಢಿ ಬಹಳ ಕಾಲ ಇತ್ತು. ಆ ಪುಸ್ತಕ ಕೆಟ್ಟದ್ದು ಅಂತಲ್ಲ, ಆದರೆ ಅದು ನಿಮಗೆ ಹೇಗಿದ್ದರೂ ಎಲ್ಲಾದರೂ ಎದುರಾಗುತ್ತದೆ. ಒಳಗಿನ ಸಾಲುಗಳಿಗೆ ಹೋಗಿ. ಒಂದೇ ಪ್ರತಿ ಇರುವ ಪುಸ್ತಕಗಳನ್ನು ನೋಡಿ. ಅಂಗಡಿಯವರು ತಾವೇ ಓದಿ ಚೀಟಿ ಬರೆದಿಟ್ಟಿದ್ದರೆ ಆ ಚೀಟಿಗಳನ್ನು ಓದಿ. ಅದು ಅವರು ನಮಗೆ ಹೇಳಬೇಕು ಅಂತಿದ್ದ ಮಾತು.

ನಂತರ ಒಂದೇ ಕಪಾಟು ಆರಿಸಿಕೊಳ್ಳಿ. ಮೇಲಿನ ಸಾಲಿನ ಎಡತುದಿಯಿಂದ ಕೆಳಗಿನ ಸಾಲಿನ ಬಲತುದಿಯವರೆಗೆ ಪ್ರತಿ ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನೂ ಓದಿ. ಬಿಡದೆ ಓದಿ. ಇದು ಬಹಳ ನಿಧಾನದ ಕೆಲಸ. ಆದರೆ ಈ ಪ್ರವಾಸದಲ್ಲಿ ನಾನು ಹೇಳುವ ಎಲ್ಲ ಉಪಾಯಗಳಲ್ಲಿ ಇದೊಂದನ್ನೇ ಮಾಡಿದರೂ ಸಾಕು. ಸುಮ್ನೆ ಕಣ್ಣು ಹಾಯಿಸಿದಾಗ ಗೊತ್ತಿರುವ ಹೆಸರುಗಳು ಮಾತ್ರ ಕಾಣುತ್ತವೆ. ಒಂದೊಂದನ್ನೇ ಓದುತ್ತಾ ಹೋದಾಗ ಗೊತ್ತಿಲ್ಲದ ಹೆಸರುಗಳು ಕಣ್ಣಿಗೆ ಬೀಳಲು ಶುರುವಾಗುತ್ತವೆ.

ಪುಸ್ತಕ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯಬಾರದು. ಹಳೆಯ ಪುಸ್ತಕಗಳ ಬೆನ್ನು ಹರಿಯುವುದು ಹೆಚ್ಚಾಗಿ ಅಲ್ಲೇ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬೇಕಾದ್ದನ್ನು ಬೆನ್ನಿನ ನಡುವೆ ಹಿಡಿದು ತೆಗೆಯಿರಿ. ನೋಡಿದ ಮೇಲೆ ಅದೇ ಜಾಗದಲ್ಲಿ ಇಡಿ. ಜಾಗ ಮರೆತರೆ ಎಲ್ಲೋ ತುರುಕಬೇಡಿ, ಗಲ್ಲಾದ ಹತ್ತಿರ ಕೊಡಿ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಆ ಅಂಗಡಿಯವರ ಪಾಲಿಗೆ ಕಳೆದುಹೋದ ಪುಸ್ತಕವೇ.

ಕೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡುವಾಗ ಹಿಂಬದಿ ಹೊದಿಕೆಯ ಹೊಗಳಿಕೆ ಓದಬೇಡಿ. ಮೊದಲ ಪುಟ ಓದಿ, ಆಮೇಲೆ ನಡುವೆ ಎಲ್ಲಾದರೂ ಒಂದು ಪುಟ ತೆರೆದು ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿ ಬರೆಯುತ್ತಾರೆ. ನಡುವಿನ ಪುಟದಲ್ಲಿ ಬರಹದ ನಿಜವಾದ ನಡಿಗೆ ಗೊತ್ತಾಗುತ್ತದೆ. ವಿಷಯದ ಪುಸ್ತಕವಾದರೆ ಕೊನೆಯ ಪದಸೂಚಿ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಅದರಲ್ಲಿ ಹುಡುಕಿ, ಆ ಪುಟ ಓದಿದರೆ ಲೇಖಕರು ಎಷ್ಟು ಆಳಕ್ಕೆ ಹೋಗಿದ್ದಾರೆ ಅಂತ ತಿಳಿಯುತ್ತದೆ.

ಒಂದು ವಿಷಯ ದಯವಿಟ್ಟು ನೆನಪಿಡಿ. ಅಂಗಡಿಯಲ್ಲಿ ನಿಂತು ಪುಸ್ತಕದ ಫೋಟೋ ತೆಗೆದು ಆನ್‌ಲೈನ್ ಬೆಲೆ ನೋಡಬೇಡಿ. ಆ ಪುಸ್ತಕವನ್ನು ನಿಮಗೆ ತೋರಿಸಿದ್ದು ಅಂಗಡಿ. ಒಂದು ಗಂಟೆ ಕಳೆದ ಅಂಗಡಿಯಲ್ಲಿ ಚಿಕ್ಕದಾದರೂ ಒಂದು ಪುಸ್ತಕ ಕೊಂಡು ಬನ್ನಿ. ಫೋಟೋ ತೆಗೆಯಬೇಕು ಅಂದರೆ ಕೇಳಿ ತೆಗೆಯಿರಿ. ಪ್ಯಾರಿಸ್‌ನ ಶೇಕ್ಸ್‌ಪಿಯರ್ ಆಂಡ್ ಕಂಪನಿಯಂಥ ಕಡೆ ಒಳಗೆ ಫೋಟೋ ತೆಗೆಯುವಂತೆಯೇ ಇಲ್ಲ. ಅಲ್ಲಿ ಮೇಲಿನ ಮಹಡಿಯಲ್ಲಿ ಮಾರಾಟಕ್ಕಿಲ್ಲದ ಪುಸ್ತಕಗಳಿವೆ, ಕೂತು ಓದಬಹುದು. ಓದುವವರಿಗೆ ತೊಂದರೆ ಆಗದಿರಲಿ ಅನ್ನುವ ಅಂಗಡಿಗಳು ಇರುವುದು ನಮ್ಮಂಥವರಿಗೆ ಅನುಕೂಲವೇ, ಅಲ್ವಾ?

ಹಳೇ ಪುಸ್ತಕ ನೋಡುವ ಬಗೆ

ಹಳೇ ಪುಸ್ತಕ ಕೈಗೆ ತೆಗೆದುಕೊಂಡಾಗ ಮೊದಲು ಮೂಸಿ ನೋಡಿ. ಹಳೆಯ ಕಾಗದಕ್ಕೆ ಅದರದೇ ವಾಸನೆ ಇರುತ್ತದೆ, ಅದರಿಂದ ತೊಂದರೆ ಇಲ್ಲ. ಒದ್ದೆ ಗೋಡೆಯ ಥರ ಮುಗ್ಗಲು ವಾಸನೆ ಇದ್ದರೆ ಬೂಷ್ಟು ಇರಬಹುದು. ಅದು ಮನೆಯ ಬೇರೆ ಪುಸ್ತಕಗಳಿಗೂ ಹಬ್ಬುತ್ತದೆ. ಎಷ್ಟೇ ಆಸೆಯಾದರೂ ಬಿಟ್ಟುಬಿಡಿ. ಪುಟಗಳ ಮೇಲೆ ಕಂದು ಚುಕ್ಕೆಗಳಷ್ಟೇ ಇದ್ದು ಕಾಗದ ಒಣಗಿದ್ದರೆ ಹೆದರಬೇಕಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಓದಲು ಅಡ್ಡಿಯಿಲ್ಲ.

ನಂತರ ಬೆನ್ನಿನ ಮೇಲ್ತುದಿಯನ್ನು ಮೇಲಿನಿಂದ ನೋಡಿ. ಪುಟಗಳು ಸಣ್ಣ ಸಣ್ಣ ಮಡಿಕೆಗಳ ಕಟ್ಟುಗಳಾಗಿ ಕಂಡರೆ ಅದು ಬಹುಮಟ್ಟಿಗೆ ಹೊಲಿದ ಪುಸ್ತಕ, ಬಹುಕಾಲ ಬಾಳುತ್ತದೆ. ಪುಟಗಳು ನೇರವಾಗಿ ಕತ್ತರಿಸಿದಂತಿದ್ದು ಅಂಟಿನಿಂದ ಕೂಡಿದ್ದರೆ ಹುಷಾರಾಗಿ ತೆರೆಯಿರಿ. ಹಳೆಯ ಅಂಟು ಒಣಗಿ, ಅಗಲಿಸಿದ ಕೂಡಲೇ ಪುಟ ಕಳಚಿ ಬರಬಹುದು. ಎಲ್ಲ ಪುಟಗಳೂ ಇವೆಯಾ ಅಂತ ಎಣಿಸಲು ಆಗುವುದಿಲ್ಲ, ಆದರೆ ನಕ್ಷೆ ಮತ್ತು ಚಿತ್ರಗಳು ಇವೆಯಾ ಅಂತ ನೋಡಬಹುದು. ಪುಸ್ತಕದ ಮೊದಲಲ್ಲಿ ಚಿತ್ರಗಳ ಪಟ್ಟಿ ಇದ್ದರೆ ಅದರೊಂದಿಗೆ ತಾಳೆ ಹಾಕಿ. ಹಳೆಯ ಪುಸ್ತಕಗಳಿಂದ ನಕ್ಷೆಗಳನ್ನು ಕಿತ್ತು ಬೇರೆಯಾಗಿ ಮಾರುವವರಿದ್ದಾರೆ.

ವಯಸ್ಸು ನೋಡಿ ಕಾಗದದ ಗಟ್ಟಿತನ ಅಳೆಯಬೇಡಿ. 19ನೇ ಶತಮಾನದ ನಡುವಿನವರೆಗೆ ಹೆಚ್ಚಾಗಿ ಬಟ್ಟೆಯ ಚಿಂದಿಯಿಂದ ಕಾಗದ ಮಾಡುತ್ತಿದ್ದರು. ಆಮೇಲೆ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಉಳಿದ ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ಅಂಶ) ಮತ್ತು ಆಮ್ಲದಿಂದ ಕಾಗದ ಹಳದಿಯಾಗಿ, ಆಮೇಲೆ ಮುರಿಯುವಷ್ಟು ಪೆಡಸಾಗುತ್ತದೆ. ಹಾಗಾಗಿ 1750ರ ಪುಸ್ತಕದ ಪುಟ ಇನ್ನೂ ಮೆತ್ತಗೆ ಇರಬಹುದು, 1950ರ ಅಗ್ಗದ ಪುಸ್ತಕ ಮುಟ್ಟಿದರೆ ಪುಡಿಯಾಗಬಹುದು. ಅಂಚುಗಳು ಮುರಿದು ಉದುರಿವೆಯಾ ನೋಡಿ. ಪರೀಕ್ಷೆ ಮಾಡಲು ಪುಟದ ಮೂಲೆ ಮಡಿಸಬೇಡಿ, ಪುಸ್ತಕ ಇನ್ನೂ ನಿಮ್ಮದಾಗಿಲ್ಲ.

ಇಸವಿ ಅಚ್ಚಾಗದ ಪುಸ್ತಕವಾದರೆ ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಸ್ವಲ್ಪ ಸುಳಿವು ಕೊಡುತ್ತದೆ. ಅದು ಅಂತರರಾಷ್ಟ್ರೀಯ ಮಾನದಂಡ ಆದದ್ದು 1970ರಲ್ಲಿ. ಸಂಖ್ಯೆಯೇ ಇಲ್ಲದಿದ್ದರೆ ಅದಕ್ಕೂ ಹಿಂದಿನದಿರಬಹುದು, ಆದರೆ ಸಣ್ಣ ಪ್ರಕಾಶಕರು ಆಮೇಲೂ ಸಂಖ್ಯೆ ಹಾಕದೇ ಇದ್ದದ್ದುಂಟು. 10 ಅಂಕಿ ಮಾತ್ರ ಇದ್ದರೆ ಸಾಮಾನ್ಯವಾಗಿ 2007ಕ್ಕಿಂತ ಮೊದಲಿನದು. 2007ರಿಂದ ಅದು 13 ಅಂಕಿಯಾಯಿತು, 978 ಅಥವಾ 979ರಿಂದ ಶುರುವಾಗುತ್ತದೆ. ಎಷ್ಟೋ ಇಂಗ್ಲಿಷ್ ಪುಸ್ತಕಗಳಲ್ಲಿ ಹಕ್ಕುಸ್ವಾಮ್ಯದ ವಿವರ ಇರುವ ಪುಟದಲ್ಲಿ 1ರಿಂದ 10ರವರೆಗಿನ ಅಂಕಿಗಳ ಒಂದು ಸಾಲು ಕಾಣುತ್ತದೆ. ಆ ಸಾಲಿನಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಅದು ಎಷ್ಟನೇ ಮುದ್ರಣ ಅಂತ ಹೇಳುತ್ತದೆ. ಅದು 4 ಆಗಿದ್ದರೆ ನಾಲ್ಕನೇ ಮುದ್ರಣ.

ಯಾರದೋ ಹೆಸರು, ಯಾರೋ ಯಾರಿಗೋ ಬರೆದ ಸಾಲು, ಪುಟದ ಬದಿಯಲ್ಲಿ ಪೆನ್ಸಿಲ್ ಗುರುತು, ನಡುವೆ ಸಿಕ್ಕಿಕೊಂಡ ಬಸ್ ಟಿಕೆಟ್: ಇವನ್ನು ಕೆಲವರು ಕಳಂಕ ಅಂತ ನೋಡುತ್ತಾರೆ. ನನಗೆ ಅಂಥ ಪ್ರತಿಯೇ ಇಷ್ಟ. ನಮಗಿಂತ ಮೊದಲು ಒಬ್ಬರು ಈ ಪುಟದಲ್ಲಿ ತಡೆದು ನಿಂತರು, ಈ ಸಾಲಿಗೆ ಅಡಿಗೆರೆ ಎಳೆದರು ಅಂತ ತಿಳಿಯುವುದು ಹೊಸ ಪುಸ್ತಕದಲ್ಲಿ ಸಾಧ್ಯವಿಲ್ಲ.

ಅಂಗಡಿಯವರ ಜೊತೆ ಮಾತು

ಒಬ್ಬರೇ ಹೋದವರಿಗೆ ಇಡೀ ದಿನ ಮಾತಾಡುವ ಒಬ್ಬರೇ ವ್ಯಕ್ತಿ ಅಂದರೆ ಬಹುಶಃ ಅಂಗಡಿಯವರು. ಅವರು ಪುಸ್ತಕ ಎಣಿಸುವಾಗ, ಬೆಲೆ ಬರೆಯುವಾಗ, ಬೇರೆ ಗಿರಾಕಿ ಇದ್ದಾಗ ಬೇಡ. ಸ್ವಲ್ಪ ಬಿಡುವಾದಾಗ ಕೇಳಿ.

"ಒಳ್ಳೆ ಪುಸ್ತಕ ಯಾವುದಿದೆ?" ಅಂತ ಕೇಳಿದರೆ ಅವರಿಗೆ ಏನು ಹೇಳಲೂ ತೋಚುವುದಿಲ್ಲ. ನಿಮಗೆ ಹಿಡಿಸಿದ ಎರಡು ಪುಸ್ತಕದ ಹೆಸರು ಹೇಳಿ, ಇದರ ಜೊತೆ ಓದುವಂಥದ್ದು ಏನಿದೆ ಅಂತ ಕೇಳಿ. ಅಥವಾ, "ಈ ಊರಿನ ಬಗ್ಗೆ ಈ ಊರಿನವರೇ ಬರೆದದ್ದು ಇದೆಯಾ?" ಅಂತ ಕೇಳಿ. ಇನ್ನೂ ಒಂದು ಒಳ್ಳೆಯ ಪ್ರಶ್ನೆ ಇದೆ: "ಬಹಳ ದಿನದಿಂದ ಯಾರೂ ಕೊಳ್ಳದ, ಆದರೆ ನಿಮಗೆ ಇಷ್ಟವಾದ ಪುಸ್ತಕ ಯಾವುದು?" ಇದನ್ನು ಕೇಳಿದಾಗ ಬಹಳ ಜನ ಎದ್ದು ಕಪಾಟಿನ ಕಡೆ ಬರುತ್ತಾರೆ.

ನಿಮ್ಮ ನೋಟ್‌ಬುಕ್‌ನ ಪಟ್ಟಿಯನ್ನೂ ತೋರಿಸಿ. ತಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಯಾವ ಅಂಗಡಿಯಲ್ಲಿ ಇರಬಹುದು ಅಂತ ಅವರೇ ಹೇಳುತ್ತಾರೆ. ಈ ವ್ಯಾಪಾರದವರಿಗೆ ಒಬ್ಬರ ಸರಕು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಇಂಟರ್ನೆಟ್‌ನಲ್ಲಿ ಎಲ್ಲೂ ಹೆಸರಿಲ್ಲದ, ಮಹಡಿಯ ಮೇಲಿನ ಅಂಗಡಿಗಳು ಗೊತ್ತಾಗುವುದು ಹೀಗೆಯೇ.

ಎರಡು ಅಂಗಡಿಗಳ ನಡುವೆ

ಬೆಳಗಿನ ಅಂಗಡಿಯಿಂದ ಹೊರಬಂದ ಕೂಡಲೇ ಇನ್ನೊಂದಕ್ಕೆ ನುಗ್ಗಬೇಡಿ. ಎರಡು ಗಂಟೆ ನಿಂತು ಹೆಸರುಗಳನ್ನು ಓದಿದ ಮೇಲೆ ಕತ್ತು, ಕಾಲು, ಕಣ್ಣು ಮೂರೂ ದಣಿದಿರುತ್ತವೆ. ಊಟ ಮಾಡಿ, ಕೋಣೆಗೆ ಹೋಗಿ ಪುಸ್ತಕ ಇಟ್ಟು, ಸ್ವಲ್ಪ ಮಲಗಿದರೂ ಸರಿಯೇ. ಇಲ್ಲವೇ ಉದ್ಯಾನದ ಬೆಂಚಿನಲ್ಲಿ ಕೂತು ಕೊಂಡ ಪುಸ್ತಕದ ಮೊದಲ ಅಧ್ಯಾಯ ಓದಿ.

ಬಿಸಿಲೋ ಮಳೆಯೋ ಜಾಸ್ತಿ ಇದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯ ಒಳ್ಳೆಯ ಜಾಗ. ಒಳಗೆ ಕೂರಲು ಗುರುತಿನ ಚೀಟಿ ಬೇಕಾ ಅಂತ ಮೊದಲೇ ನೋಡಿಕೊಳ್ಳಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅಪರೂಪದ ಪುಸ್ತಕಗಳ ಪ್ರದರ್ಶನ ಎಲ್ಲರಿಗೂ ತೆರೆದಿದೆ, ಆದರೆ ಓದುವ ಕೋಣೆಗಳಿಗೆ ಪಾಸ್ ಬೇಕು. ಇಂಥ ವ್ಯತ್ಯಾಸ ಬೇರೆ ಊರುಗಳಲ್ಲೂ ಇರುತ್ತದೆ.

ಸಂಜೆಯನ್ನು ಖಾಲಿ ಬಿಡಿ. ಸಂಜೆ ಇರುವುದು ಓದುವುದಕ್ಕೆ. ಬೆಳಿಗ್ಗೆ ಕೊಂಡದ್ದನ್ನು ಅದೇ ದಿನ ಓದಲು ಶುರು ಮಾಡಿದರೆ ಅದು ಮನೆಗೆ ಹೋಗಿ ಓದದ ಪುಸ್ತಕಗಳ ರಾಶಿಗೆ ಸೇರುವುದಿಲ್ಲ. ಮಲಗುವ ಮೊದಲು ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ಊರು, ಅಂಗಡಿ, ತಾರೀಖು ಬರೆದಿಡಿ.

ಒಬ್ಬರೇ ಇರುವಾಗ

ಎಲ್ಲಿ ಉಳಿದಿದ್ದೀರಿ, ಯಾವ ದಿನ ಎಲ್ಲಿರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ತಿಳಿಸಿರಿ. ದಿನಕ್ಕೆ ಒಂದು ಸಲ, ರಾತ್ರಿ ಕೋಣೆಗೆ ಬಂದ ಮೇಲೆ ಒಂದು ಸಂದೇಶ ಕಳಿಸುವುದು ಅಂತ ಮಾತಾಡಿಕೊಂಡರೆ ಅವರಿಗೂ ನೆಮ್ಮದಿ, ನಿಮಗೂ ದಿನವಿಡೀ ಫೋನ್ ನೋಡುವುದು ತಪ್ಪುತ್ತದೆ. ಊರಿನ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ಕಾಣುವಂತೆ ಫೋನಿಗೆ ಇಳಿಸಿಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು, ಸ್ವಲ್ಪ ನಗದು ಇರಲಿ. ಪುಸ್ತಕದ ಸಂತೆಯಲ್ಲಿ ಬಗ್ಗಿ ನೋಡುವಾಗ ಪರ್ಸ್ ಹಿಂದಿನ ಜೇಬಿನಲ್ಲಿ ಬೇಡ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಬೇಸರ ಬರಬಹುದು. ಯಾರಿಗಾದರೂ ಫೋನ್ ಮಾಡೋಣ, ಇಲ್ಲ ಬೇಗ ವಾಪಸ್ ಹೋಗೋಣ ಅನ್ನಿಸುತ್ತದೆ. ತಡೆಯಿರಿ. ಅಭ್ಯಾಸವಿಲ್ಲದ ಮೌನ ಹಾಗೆಯೇ. ಎರಡನೇ ದಿನದ ಹೊತ್ತಿಗೆ ಅದು ಒಗ್ಗುತ್ತದೆ, ಓದಿನ ವೇಗವೂ ತಾನಾಗಿ ಇಳಿಯುತ್ತದೆ.

ಪುಸ್ತಕಗಳನ್ನು ಮನೆಗೆ ತರುವುದು

ತೂಕದ ಅಂದಾಜು ಇರಲಿ. 300 ಪುಟದ ಪೇಪರ್‌ಬ್ಯಾಕ್ ಸುಮಾರು 300ರಿಂದ 400 ಗ್ರಾಂ ತೂಗುತ್ತದೆ. ಗಟ್ಟಿ ರಟ್ಟಿನದ್ದಾದರೆ ಅದಕ್ಕಿಂತ ಬಹಳ ಜಾಸ್ತಿ. ಎಷ್ಟೋ ವಿಮಾನ ಸಂಸ್ಥೆಗಳಲ್ಲಿ ಕೈಚೀಲದ ಮಿತಿ 7 ಕೆಜಿ. ಬಟ್ಟೆಬರೆ ಕಳೆದರೆ ಹತ್ತು ಪೇಪರ್‌ಬ್ಯಾಕ್ ಹಿಡಿಸುವುದೂ ಕಷ್ಟ. ರೈಲಾದರೆ ಇಷ್ಟು ಲೆಕ್ಕ ಬೇಕಿಲ್ಲ, ನಿಮ್ಮ ಭುಜ ಹೊರುವಷ್ಟು.

ಜಾಸ್ತಿಯಾದರೆ ಅಂಗಡಿಯವರನ್ನೇ ಕೇಳಿ. ಹೊರಗಿನ ಊರಿಗೆ ಕಳಿಸುವ ಅಭ್ಯಾಸ ಅವರಿಗೆ ಇರುತ್ತದೆ, ಕಟ್ಟುವುದೂ ಚೆನ್ನಾಗಿ ಗೊತ್ತಿರುತ್ತದೆ. ಅಚ್ಚಾದ ಪುಸ್ತಕಗಳಿಗೆ ಕಡಿಮೆ ದರದ ಅಂಚೆ ಸೇವೆ ಹಲವು ದೇಶಗಳಲ್ಲಿದೆ. ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ನೀವೇ ಕಟ್ಟುವುದಾದರೆ ಪುಸ್ತಕಗಳನ್ನು ಚಪ್ಪಟೆಯಾಗಿ ಮಲಗಿಸಿ, ಮೊದಲು ಪ್ಲಾಸ್ಟಿಕ್ ಸುತ್ತಿ, ಡಬ್ಬದ ಮೂಲೆಗಳಿಗೆ ಕಾಗದ ತುಂಬಿ. ಒಳಗೆ ಅಲುಗಾಡಿದರೆ ಪುಸ್ತಕದ ಮೂಲೆಗಳೇ ಮೊದಲು ಜಜ್ಜುವುದು.

ಮನೆಗೆ ಬಂದ ಹಳೇ ಪುಸ್ತಕಗಳನ್ನು ಕೂಡಲೇ ನಿಮ್ಮ ಕಪಾಟಿಗೆ ಸೇರಿಸಬೇಡಿ. ಕೆಲವು ವಾರ ಬೇರೆ ಕಡೆ, ಗಾಳಿಯಾಡುವ, ನೇರ ಬಿಸಿಲು ಬೀಳದ ಜಾಗದಲ್ಲಿ ಇಡಿ. ಬಿಸಿಲಿನಿಂದ ಬಣ್ಣ ಮಾಸುತ್ತದೆ. ಜಿಂಬೋಚೋದ ಮುಖ್ಯ ರಸ್ತೆಯಲ್ಲಿ ಅಂಗಡಿಗಳು ಹೆಚ್ಚಾಗಿ ದಕ್ಷಿಣ ಬದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಇರುವುದು ಇದಕ್ಕೇ. ಮೆತ್ತನೆಯ ಒಣ ಬ್ರಷ್‌ನಿಂದ ಮೇಲಿನ ಅಂಚಿನ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಪುಟಗಳ ನಡುವೆ ಹಿಟ್ಟಿನಂಥ ಪುಡಿ ಅಥವಾ ಹೊಸ ತೂತು ಕಂಡರೆ ಹುಳು ಇನ್ನೂ ಇರಬಹುದು. ಸಂಗ್ರಹಾಲಯದವರು ಇಂಥ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರವೋ ಅದಕ್ಕಿಂತ ಹೆಚ್ಚೋ ಇಡುತ್ತಾರೆ. ಮನೆಯ ಫ್ರೀಜರ್ ಅಷ್ಟು ತಣ್ಣಗಿರುವುದಿಲ್ಲ, ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿದರೆ ಪುಟಗಳ ಮೇಲೆ ನೀರು ಹನಿಗಟ್ಟುವುದಿಲ್ಲ. ಆಮೇಲೆ ಕಪಾಟಿಗೆ ಸೇರಿಸಬಹುದು.